ಅಜ್ಜನ ಆಯಸ್ಸು ಮೊಮ್ಮಗನಿಗೆ ಬರುತ್ತಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಜ್ಜ ದಿನಾ ಬೀಡಿ ಸೇದ್ಕೊಂಡೇ 94 ವರ್ಷ ಬದುಕಿದ್ರು. ಆದ್ರೆ ಅಪ್ಪ 52ಕ್ಕೇ ಹಾರ್ಟ್ ಅಟ್ಯಾಕ್ ಆಗಿ ಹೋಗ್ಬಿಟ್ರು. ನಂಗೀಗ 40, ಸಿಗರೇಟ್ ಇದೆ, ತಮ್ಮನಿಗೂ ಇದೆ. ನಮ್ಮ ಆಯಸ್ಸು ಅಜ್ಜನ ಥರಾನಾ, ಅಪ್ಪನ ಥರಾನಾ?
- ಓದುಗರು, ಹಾಸನ

ಉತ್ತರ: ಡೆನ್ಮಾರ್ಕ್‌ನಲ್ಲಿ 1870ರಿಂದ 1900ರೊಳಗೆ ಹುಟ್ಟಿದ ಸುಮಾರು 2,900 ಜೋಡಿ ಅವಳಿಗಳ ಆಯಸ್ಸು ಲೆಕ್ಕ ಹಾಕಿ ನೋಡಿದ್ರು, ಒಬ್ಬರಿಗೂ ಇನ್ನೊಬ್ಬರಿಗೂ ಇರೋ ವ್ಯತ್ಯಾಸದಲ್ಲಿ ಜೀನ್ಸ್ (ಅಪ್ಪ-ಅಮ್ಮನಿಂದ ಬರೋ ವಂಶವಾಹಿ) ಪಾಲು ಸುಮಾರು ಕಾಲು ಭಾಗ ಅಷ್ಟೇ ಬಂತು. ತೊಂಬತ್ತು, ನೂರು ದಾಟೋರಲ್ಲಿ ಜೀನ್ಸ್ ಕೈವಾಡ ಜಾಸ್ತಿ ಇರುತ್ತೆ ನಿಜ, ಆದ್ರೆ ನಿಮ್ಮಲ್ಲಿರೋದು ಅಜ್ಜನ ಜೀನ್ಸ್‌ನಲ್ಲಿ ಕಾಲು ಭಾಗ, ಅಪ್ಪನದ್ದು ಅರ್ಧ, ಅದನ್ನ ಮರೀಬೇಡಿ.

ಬೀಡಿ ಸೇದಿಯೂ ಬದುಕಿದ ಅಜ್ಜ ಎಲ್ರ ಕಣ್ಣಿಗೂ ಕಾಣ್ತಾರೆ, ಅವರ ಜೊತೆ ಜಗಲಿ ಮೇಲೆ ಕೂತು ಬೀಡಿ ಹಚ್ತಿದ್ದೋರಲ್ಲಿ ಎಷ್ಟು ಜನ ಐವತ್ತು ಅರವತ್ತಕ್ಕೇ ಹೋದ್ರು ಅಂತ ಮನೆಯ ಹಿರಿಯರನ್ನ ಒಂದ್ಸಲ ಕೇಳಿ ನೋಡಿ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತವರ ತಂಡ 1951ರಿಂದ 50 ವರ್ಷ ಡಾಕ್ಟರ್‌ಗಳನ್ನೇ ಹಿಂಬಾಲಿಸಿ ಲೆಕ್ಕ ಇಟ್ಟಿದ್ರು, ಸೇದ್ತಾನೇ ಇದ್ದೋರು ಸೇದದೇ ಇದ್ದೋರಿಗಿಂತ ಸರಾಸರಿ 10 ವರ್ಷ ಮೊದಲೇ ತೀರ್ಕೊಂಡ್ರು. 40ರಲ್ಲಿ ಬಿಟ್ಟೋರಿಗೆ ಅದರಲ್ಲಿ 9 ವರ್ಷ ವಾಪಸ್ ಸಿಕ್ತು, 50ರಲ್ಲಿ ಬಿಟ್ಟೋರಿಗೆ 6, 60ರಲ್ಲಿ ಬಿಟ್ಟೋರಿಗೂ 3. ನಿಮಗೀಗ ಸರಿಯಾಗಿ 40, ದಯವಿಟ್ಟು ಮುಂದಕ್ಕೆ ಹಾಕ್ಬೇಡಿ. ಒಬ್ರಿಗೇ ಬಿಡೋಕೆ ಆಗ್ಲಿಲ್ಲ ಅಂದ್ರೆ ನಿಮ್ಮ ಪ್ಯಾಕೆಟ್ ಮೇಲೇ 1800-11-2356 ಅಂತ ನಂಬರ್ ಇದೆ, ಫ್ರೀ, ಫೋನ್ ಮಾಡಿ.

ಇನ್ನು ಅಪ್ಪನ ವಿಷ್ಯ. ಗಂಡಸರಿಗೆ 55ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ರೆ ಅವರ ಮಕ್ಕಳಿಗೆ ರಿಸ್ಕ್ ಜಾಸ್ತಿ ಅಂತಾನೇ ನಾವು ಲೆಕ್ಕ ಹಾಕೋದು. ಹಂಗಂತ ಹಣೆಬರಹ ಅಂತ ಕೈಕಟ್ಟಿ ಕೂರ್ಬೇಡಿ, ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ರಕ್ತದಲ್ಲಿರೋ ಕೊಲೆಸ್ಟ್ರಾಲ್, ಕೊಬ್ಬಿನ ಟೆಸ್ಟ್) ಈ ವಾರಾನೇ ಮಾಡ್ಸಿ, ಜೊತೆಗೆ ಲಿಪೊಪ್ರೋಟೀನ್-ಎ (ರಕ್ತದಲ್ಲಿ ಕೊಲೆಸ್ಟ್ರಾಲ್ ಹೊತ್ತು ಓಡಾಡೋ ಒಂದು ಕಣ) ಅನ್ನೋ ಬ್ಲಡ್ ಟೆಸ್ಟ್ ಒಂದು ಕೇಳಿ, ಅದರ ಮಟ್ಟ ಹೆಚ್ಚುಕಡಿಮೆ ಪೂರ್ತಿ ವಂಶದಿಂದಲೇ ಬರೋದು, ಜೀವನದಲ್ಲಿ ಒಂದ್ಸಲ ನೋಡಿದ್ರೆ ಸಾಕು. ಕೆಟ್ಟ ಕೊಲೆಸ್ಟ್ರಾಲ್ ಜಾಸ್ತಿ ಬಂದು ಡಾಕ್ಟ್ರು ಮಾತ್ರೆ ಬರೆದ್ರೆ ಅರ್ಧಕ್ಕೆ ನಿಲ್ಲಿಸ್ಬೇಡಿ. ಹೋಗುವಾಗ ತಮ್ಮನ್ನೂ ಕರ್ಕೊಂಡು ಹೋಗಿ, ಅವರಿಗೂ ಅದೇ ಅಪ್ಪ ತಾನೇ.