ಒಂದು ಬಿ ಗ್ರೇಡ್‌ನಿಂದ ಎಂಐಟಿ ಕೈ ತಪ್ಪುತ್ತದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಲ್ಲ ವಿಷಯದಲ್ಲೂ ಎ ಗ್ರೇಡ್, ಅಮೆರಿಕದ ಕಾಲೇಜು ಸೇರೋಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 1560, ಆದರೆ ಕಾಯಿಲೆ ಬಿದ್ದ ಒಂದು ಟರ್ಮ್‌ನಲ್ಲಿ ಫಿಸಿಕ್ಸ್‌ಗೆ ಬಿ. ರಿಸರ್ಚ್ ಪೇಪರ್ ಇಲ್ಲ, ಒಲಿಂಪಿಯಾಡ್ ಪದಕ ಇಲ್ಲ. ಇರುವುದು ಮನೆ ಮೇಲೆ ನೀವೇ ಕಟ್ಟಿದ ಒಂದು ಹವಾಮಾನ ಕೇಂದ್ರ, ಅದನ್ನು ಹೇಳಿಕೊಳ್ಳೋಕೆ ನಾಚಿಕೆ ಅಂತೀರಿ. ಅಮೆರಿಕದ ಎಂಐಟಿಯೋ ಕ್ಯಾಲ್‌ಟೆಕ್ಕೋ ಸಿಗದಿದ್ದರೆ ಇಷ್ಟು ವರ್ಷ ಓದಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಅಲ್ವಾ ಅಂತ ಕೇಳಿದ್ದೀರಿ.

ಮೊದಲು ಆ ಬಿ ವಿಷಯ. ಒಂದು ಬಿ ಕಂಡ ಕೂಡಲೇ ಅರ್ಜಿಯನ್ನು ಪಕ್ಕಕ್ಕಿಡುವ ಪದ್ಧತಿ ಅಲ್ಲಿಲ್ಲ. ಅಂಕಪಟ್ಟಿಯನ್ನು ಇಡಿಯಾಗಿ ಓದುತ್ತಾರೆ. ನಿಮ್ಮ ಶಾಲೆಯ ಕೌನ್ಸೆಲರ್ ಬರೆಯುವ ಪತ್ರದಲ್ಲಿ ಆ ಟರ್ಮ್ ಹುಷಾರಿರಲಿಲ್ಲ ಅಂತ ಒಂದು ಸಾಲು ಹಾಕಿಸಿ, ಅಷ್ಟು ಸಾಕು. ಇನ್ನೊಂದು ಸಂಗತಿ ನಿಮಗೆ ಗೊತ್ತಿರಲಿಕ್ಕಿಲ್ಲ. 1968ರಲ್ಲಿ ಎಂಐಟಿ ಹೊಸದಾಗಿ ಸೇರಿದವರಿಗೆ ಗ್ರೇಡ್ ಕೊಡುವುದನ್ನೇ ನಿಲ್ಲಿಸಿತು. ಈಗಲೂ ಮೊದಲ ಸೆಮಿಸ್ಟರ್‌ನಲ್ಲಿ ಪಾಸಾದರೆ ಪಾಸ್ ಅಂತ ಮಾತ್ರ ದಾಖಲಾಗುತ್ತದೆ, ಪಾಸಾಗದಿದ್ದರೆ ಹೊರಗೆ ಕೊಡುವ ಅಂಕಪಟ್ಟಿಯಲ್ಲಿ ಆ ವಿಷಯದ ಸುಳಿವೇ ಇರುವುದಿಲ್ಲ. ಕ್ಯಾಲ್‌ಟೆಕ್‌ನಲ್ಲೂ ಮೊದಲ ಎರಡು ಟರ್ಮ್ ಬರೀ ಪಾಸ್, ಫೇಲ್. ಶಾಲೆಯಲ್ಲಿ ಯಾವತ್ತೂ ಎಡವದ ಮಕ್ಕಳೂ ಅಲ್ಲಿಗೆ ಬಂದ ಮೇಲೆ ಎಡವುತ್ತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

1560 ಅನ್ನು 1600 ಮಾಡೋಕೆ ಮತ್ತೆ ಪರೀಕ್ಷೆ ಬರೆಯಬೇಡಿ, ದಯವಿಟ್ಟು. ಎಂಐಟಿ 2022ರಲ್ಲಿ, ಕ್ಯಾಲ್‌ಟೆಕ್ 2024ರಲ್ಲಿ ಈ ಪರೀಕ್ಷೆಗಳನ್ನು ಮತ್ತೆ ಕಡ್ಡಾಯ ಮಾಡಿದ್ದು ನಿಜ. ಆದರೆ ಅಲ್ಲಿನ ಗಣಿತಕ್ಕೆ ನೀವು ತಯಾರಿದ್ದೀರಾ ಅಂತ ನೋಡೋಕೆ ಅದು. ಪೂರ್ತಿ ಅಂಕ ಬಂದವರಿಗೇ ಮಣೆ ಅಂತೇನಿಲ್ಲ ಅಂತ ಎಂಐಟಿಯವರೇ ಹೇಳಿದ್ದಾರೆ.

ಈಗ ನಿಮ್ಮ ಹವಾಮಾನ ಕೇಂದ್ರ. ನನಗೆ ನಿಜಕ್ಕೂ ಮಾತಾಡಬೇಕು ಅನಿಸಿದ್ದು ಇದರ ಬಗ್ಗೆ. ಜೋರು ಮಳೆ ಬಂದ ದಿನ ನಿಮ್ಮ ಮಳೆಮಾಪಕ ಕಡಿಮೆ ತೋರಿಸುತ್ತಿತ್ತು, ಹತ್ತಿರದ ಸರ್ಕಾರಿ ಕೇಂದ್ರದ ಅಂಕಿಗೆ ಹೊಂದುತ್ತಿರಲಿಲ್ಲ, ಒಂದು ತಿಂಗಳು ಅದರ ಹಿಂದೆ ಬಿದ್ದೆ ಅಂತ ಬರೆದಿದ್ದೀರಿ. ಮಾಪಕದ ಒಳಗಿನ ಪುಟ್ಟ ಬಟ್ಟಲು ತುಂಬಿ ವಾಲುವ ಆ ಚೂರು ಹೊತ್ತಿನಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಮಳೆ ಜೋರಾದಷ್ಟೂ ಈ ತಪ್ಪು ಜಾಸ್ತಿ, ಹಾಗಾಗಿ ಮಳೆಯ ವೇಗ ನೋಡಿ ಲೆಕ್ಕ ತಿದ್ದಿದೆ ಅಂತಲೂ ಹೇಳಿದ್ದೀರಿ. ಇದನ್ನೆಲ್ಲ ನೀವು ಆವರಣದೊಳಗೆ, ಬಿಟ್ಟರೂ ನಡೆಯುತ್ತೆ ಅನ್ನೋ ಥರ ಬರೆದಿದ್ದೀರಿ! ಉಪಕರಣ ಹೇಳಿದ್ದನ್ನು ಸುಮ್ನೆ ನಂಬದೆ ಇನ್ನೊಂದರ ಜೊತೆ ಹೋಲಿಸಿ, ಎಲ್ಲಿ ತಪ್ಪುತ್ತಿದೆ ಅಂತ ಹುಡುಕಿ, ಕಾರಣ ತಿಳಿದು ಸರಿಮಾಡುವುದು ಅಂದರೆ ಲ್ಯಾಬ್‌ನಲ್ಲಿ ದೊಡ್ಡವರು ದಿನಾ ಮಾಡುವ ಕೆಲಸವೇ. ಎಂಐಟಿ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಇರುವುದು ನಾಲ್ಕೇ ಜಾಗ, ಹದಿನೈದು ಕ್ಲಬ್‌ಗಳ ಪಟ್ಟಿ ಕೊಡೋಕೆ ಅಲ್ಲಿ ಆಗುವುದೇ ಇಲ್ಲ. ಬರೀ ಖುಷಿಗೆ ಏನು ಮಾಡುತ್ತೀರಿ ಅನ್ನುವಂಥ ಪ್ರಶ್ನೆಯನ್ನೂ ಅವರು ಕೇಳುತ್ತಾ ಬಂದಿದ್ದಾರೆ. ಕೈಯಾರೆ ಮಾಡಿದ್ದನ್ನು ತೋರಿಸೋಕೆ ಮೇಕರ್ ಪೋರ್ಟ್‌ಫೋಲಿಯೋ ಅಂತ ಬೇರೆಯೇ ಇದೆ. ಅಲ್ಲಿ ಆ ಬಟ್ಟಲಿನ ಫೋಟೋ ಹಾಕಿ, ತಪ್ಪಿದ ಅಂಕಿಗಳನ್ನೂ ಹಾಕಿ. ಅಂದಗಾಣಿಸಲು ಹೋಗಬೇಡಿ.

ಇಷ್ಟು ಮಾಡಿದರೆ ಸೀಟು ಸಿಗುತ್ತದಾ? ಸಿಗದೇ ಇರುವ ಸಾಧ್ಯತೆಯೇ ಹೆಚ್ಚು, ಇದನ್ನು ಮುಚ್ಚಿಟ್ಟು ಸಮಾಧಾನ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗೆ. ಈಚಿನ ವರ್ಷಗಳಲ್ಲಿ ಎಂಐಟಿಗೆ 26ರಿಂದ 29 ಸಾವಿರ ಜನ ಅರ್ಜಿ ಹಾಕಿದ್ದಾರೆ, ಒಪ್ಪಿಗೆ ಸಿಕ್ಕಿದ್ದು ಸುಮಾರು 1,300 ಜನರಿಗೆ. ನೂರಕ್ಕೆ ಐದೂ ಇಲ್ಲ. ಅಮೆರಿಕದ ಹೊರಗಿನವರಿಗೆ ಇನ್ನೂ ಕಡಿಮೆ. ಕ್ಯಾಲ್‌ಟೆಕ್ ಅಂತೂ ಎಲ್ಲ ವರ್ಷದವರು ಸೇರಿ ಸುಮಾರು ಸಾವಿರ ಪದವಿ ವಿದ್ಯಾರ್ಥಿಗಳಿರುವ ಚಿಕ್ಕ ಜಾಗ. ಎಲ್ಲ ಸರಿ ಇದ್ದವರೇ ಸಾವಿರಗಟ್ಟಲೆ ವಾಪಸ್ ಬರುತ್ತಾರೆ. ಹಾಗಾಗಿ ಬೇಡ ಅಂತ ಉತ್ತರ ಬಂದರೆ ಅದರಲ್ಲಿ ನಿಮ್ಮ ತಪ್ಪು ಹುಡುಕುತ್ತಾ ಕೂರಬೇಡಿ, ಎಷ್ಟೋ ಸಲ ಅಲ್ಲಿ ತಪ್ಪೇ ಇರುವುದಿಲ್ಲ.

ನನಗೆ ಹದಿನೇಳು ವರ್ಷ ಆಗಿದ್ದಾಗ ನಾನೂ ಇಂಥದ್ದೇ ಒಂದು ಕಡೆಗೆ ಅರ್ಜಿ ಹಾಕಿದ್ದೆ. ಕೆಟ್ಟುಹೋದ ರೇಡಿಯೋ ಬಿಚ್ಚಿ ರಿಪೇರಿ ಮಾಡುವುದು ಅಂದರೆ ನನಗೆ ಪ್ರಾಣ. ಆದರೆ ಅರ್ಜಿಗೆ ಅದು ಚೆನ್ನಾಗಿ ಕಾಣಲ್ಲ ಅಂದುಕೊಂಡು ಎರಡು ವರ್ಷ ಅದನ್ನು ಮುಟ್ಟಲೇ ಇಲ್ಲ, ಮನಸ್ಸಿಲ್ಲದ ಚರ್ಚಾಕೂಟಕ್ಕೆ ಸೇರಿದೆ, ಇನ್ನೂ ಏನೇನೋ ಮಾಡಿದೆ. ಸೀಟು ಸಿಗಲಿಲ್ಲ. ಅದಕ್ಕೇ ಸಿಗಲಿಲ್ಲ ಅಂತ ಹೇಳುತ್ತಿಲ್ಲ, ಕಾರಣ ಅವರು ಯಾರಿಗೂ ಹೇಳುವುದಿಲ್ಲ. ಸೀಟು ಹೋದ ನೋವು ಒಂದು ಬೇಸಿಗೆಯಲ್ಲಿ ಕಳೆಯಿತು. ಆ ಎರಡು ವರ್ಷ ರೇಡಿಯೋ ಬಿಟ್ಟಿದ್ದಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬೇರೆ ಕಾಲೇಜು ಸೇರಿ, ಮೊದಲ ವಾರವೇ ಒಬ್ಬ ಮೇಡಂ ಅವರ ಲ್ಯಾಬ್‌ನಲ್ಲಿ ಬೆಸುಗೆ ಕಡ್ಡಿ ಹಿಡಿದು ಕೂತಾಗ, ಕೈ ಎಷ್ಟು ಮರೆತಿದೆ ಅಂತ ಗೊತ್ತಾಯಿತು.

ದುಡ್ಡಿನ ಚಿಂತೆ ಬಗ್ಗೆ ಒಂದೇ ಮಾತು. ಎಂಐಟಿ ಯಾವ ದೇಶದವರದ್ದೇ ಆಗಲಿ, ಮನೆಯವರ ವರಮಾನ ನೋಡಿ ಸೀಟು ನಿರ್ಧರಿಸುವುದಿಲ್ಲ, ಸೇರಿದ ಮೇಲೆ ಅಗತ್ಯ ಇರುವಷ್ಟು ನೆರವು ಕೊಡುತ್ತದೆ. ಎಲ್ಲ ಕಡೆ ಹೀಗಿಲ್ಲ, ಉಳಿದ ಕಾಲೇಜುಗಳ ನಿಯಮ ಒಂದೊಂದನ್ನೂ ಓದಿಯೇ ಪಟ್ಟಿ ಮಾಡಿ. ಆ ಪಟ್ಟಿಯಲ್ಲಿ ಸೀಟು ಸಿಗುವ ಭರವಸೆ ಇರುವ, ಸಿಕ್ಕರೆ ನಿಜವಾಗಿ ಖುಷಿಯಿಂದ ಹೋಗುವಂಥ ಎರಡಾದರೂ ಇರಲಿ. ರಾತ್ರಿ ನಿದ್ದೆ ಬರುತ್ತಿಲ್ಲ ಅಂತಲೂ ಬರೆದಿದ್ದೀರಿ, ಅದನ್ನು ಮನೆಯಲ್ಲಿ ಯಾರಿಗಾದರೂ ಇವತ್ತೇ ಹೇಳಿ.

ಓದಿದ್ದು ವ್ಯರ್ಥವಾ ಅಂತ ಕೇಳಿದಿರಲ್ಲ. ಲೆಕ್ಕ ತಿದ್ದಿದ ಮೇಲೆ ಬಂದ ಮೊದಲ ಜೋರು ಮಳೆಯಲ್ಲಿ ನಿಮ್ಮ ಅಂಕಿ ಆ ಸರ್ಕಾರಿ ಕೇಂದ್ರದ ಅಂಕಿಗೆ ಎಷ್ಟು ಹತ್ತಿರ ಬಂತು? ಅದೊಂದನ್ನು ನೀವು ಬರೆದೇ ಇಲ್ಲ. ತಿಳಿಸಿ, ನನಗೆ ನಿಜವಾಗಿಯೂ ಕುತೂಹಲ ಇದೆ.