ಹೋಲ್ಡರಿಗೆ ಕೂತ ಮಾತ್ರಕ್ಕೆ ಅದು ಆ ಎಂಜಿನ್ನಿನ ಬಲ್ಬಲ್ಲ

ಹಳೆಯ ಮಾದರಿ ರೈಲುಗಳ ಬಲ್ಬಿನ ಬಗ್ಗೆ ಬರುವ ಪತ್ರಗಳು ಸುತ್ತಿ ಬಳಸಿ ಕೇಳುವುದು ಒಂದನ್ನೇ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಉಳಿದವರು ಬೇಸರಿಸಬೇಡಿ.

ಪ್ರಶ್ನೆ: ನನ್ನದು 1950ರ ದಶಕದ, ಅಮೆರಿಕದ ಲಯನೆಲ್ ಕಂಪನಿಯ ಓ ಗೇಜ್ (ಸುಮಾರು 32 ಮಿ.ಮೀ. ಅಗಲದ ಹಳಿಯ) ಮಾದರಿ ಸ್ಟೀಮ್ ಎಂಜಿನ್. ಹೆಡ್‌ಲೈಟ್ ಬಲ್ಬ್ ಸುಟ್ಟಿತ್ತು, ಅದರ ಮೇಲಿನ ನಂಬರ್ ಅಳಿಸಿಹೋಗಿತ್ತು. ಹೋಲ್ಡರಿಗೆ ಸರಿಯಾಗಿ ಕೂತಿದ್ದರಿಂದ 14 ವೋಲ್ಟಿನ 57 ನಂಬರಿನ ಬಲ್ಬ್ ಹಾಕಿದೆ. ಬೆಳಕೇನೋ ಜೋರಾಗಿತ್ತು. ಆದರೆ ಬೇಗನೆ ಹೋಯಿತು, ಮುಂದಿನ ಪ್ಲಾಸ್ಟಿಕ್ ಲೆನ್ಸೂ ಸೊಟ್ಟಗಾಗಿದೆ. ಯಾವ ಬಲ್ಬ್ ಹಾಕಲಿ?

ಉತ್ತರ: ಹೋಲ್ಡರಿಗೆ ಗೊತ್ತಿರುವುದು ಬಲ್ಬಿನ ಬುಡದ ಅಳತೆ ಮಾತ್ರ. ಪಕ್ಕದಲ್ಲಿ ಎರಡು ಪಿನ್ ಇದ್ದು, ಒತ್ತಿ ತಿರುಗಿಸುವಂಥದ್ದು ಬಿಎ9ಎಸ್; ಸ್ಕ್ರೂ ಥ್ರೆಡ್ ಇರುವಂಥದ್ದು ಇ10. ರೇಡಿಯೊದ 6.3 ವೋಲ್ಟಿನ ಬಲ್ಬಿಗೂ ಲಾರಿಯ 24 ವೋಲ್ಟಿನ ಬಲ್ಬಿಗೂ ಇದೇ ಪಿನ್ನಿನ ಬುಡ ಬರುತ್ತದೆ.

ಮೊದಲು ವೋಲ್ಟಿನ ಲೆಕ್ಕ. ಈ ಎಂಜಿನ್ನುಗಳ ಟ್ರಾನ್ಸ್‌ಫಾರ್ಮರ್ ಪೂರ್ತಿ ತಿರುಗಿಸಿದಾಗ ಹಳಿಗೆ 18 ವೋಲ್ಟಿನ ಆಸುಪಾಸು ಎಸಿ (ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್) ಕೊಡುತ್ತದೆ. ಫಿಲಮೆಂಟಿನ ಬಾಳಿಕೆ ವೋಲ್ಟೇಜಿನ ಸುಮಾರು 12ನೇ ಘಾತದಲ್ಲಿ ಕುಸಿಯುತ್ತದೆ. 14 ವೋಲ್ಟಿನ ಬಲ್ಬಿಗೆ 18 ವೋಲ್ಟ್ ಕೊಟ್ಟರೆ ಬೆಳಕು ಎರಡು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ, ಆಯಸ್ಸು ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನೀವು ಮೆಚ್ಚಿದ ಆ ಜೋರು ಬೆಳಕು ಬಲ್ಬ್ ಸಾಯುವ ಮುಂಚಿನ ಬೆಳಕು.

ಲೆನ್ಸನ್ನು ಕೆಡಿಸಿದ್ದು ಆಂಪಿಯರ್. ಅದನ್ನು ಯಾರೂ ಓದುವುದಿಲ್ಲ. 57ರದ್ದು 14 ವೋಲ್ಟಿನಲ್ಲಿ 0.24 ಆಂಪಿಯರ್, 18 ವೋಲ್ಟಿಗೆ ಏರಿಸಿದರೆ ಸುಮಾರು 5 ವಾಟ್ ಎಳೆಯುತ್ತದೆ. ನಿಮಗೆ ಬೇಕಾದದ್ದು 1445: ಪಿನ್ನಿನ ಬುಡ, 18 ವೋಲ್ಟ್, 0.15 ಆಂಪಿಯರ್, ಅಂದರೆ 2.7 ವಾಟ್. ಗಾಳಿಯಾಡದ ಬಾಯ್ಲರ್ ಕವಚದೊಳಗೆ ಈ ವ್ಯತ್ಯಾಸವೇ ಪ್ಲಾಸ್ಟಿಕ್ಕನ್ನು ಉಳಿಸುವುದು ಅಥವಾ ಕರಗಿಸುವುದು. ಗಾಜಿನ ಗಾತ್ರವೂ ಬೇರೆ. 57ರ ಬುರುಡೆ ಜಿ4½, ಸುಮಾರು 14 ಮಿ.ಮೀ. ಅಗಲ, 1445ರದ್ದು ಜಿ3½, 11 ಮಿ.ಮೀ. ದಪ್ಪ ಬುರುಡೆ ಲೆನ್ಸಿಗೆ ಅಷ್ಟು ಹತ್ತಿರ ಬಂದು ಕೂರುತ್ತದೆ.

ನಿಮ್ಮ ಹೋಲ್ಡರ್ ಸ್ಕ್ರೂ ಥ್ರೆಡ್ಡಿನದಾಗಿದ್ದರೆ 1447 ಕೇಳಿ. ಅದೂ 18 ವೋಲ್ಟ್, 0.15 ಆಂಪಿಯರ್. ಅದೇ ಬುಡದ 432 ಕೊಟ್ಟರೆ ವಾಪಸ್ ಮಾಡಿ, ಅದು 0.25 ಆಂಪಿಯರಿನದು. ಒಂದು ಪೊಟ್ಟಣದ 1445ರಲ್ಲಿ 14.4 ವೋಲ್ಟ್, 0.135 ಆಂಪಿಯರ್ ಎಂದೂ ಇನ್ನೊಂದರಲ್ಲಿ 18 ವೋಲ್ಟ್, 0.15 ಎಂದೂ ಇದ್ದರೆ ಗಾಬರಿ ಬೇಡ. ಬಲ್ಬ್ ಒಂದೇ, ಅಳೆದ ವೋಲ್ಟ್ ಬೇರೆ. ಅನುಮಾನವಿದ್ದರೆ ಕ್ಯಾಬಿನ ಪಕ್ಕದಲ್ಲಿ ಅಚ್ಚಾದ ಎಂಜಿನ್ ನಂಬರ್ ಹಿಡಿದು ಲಯನೆಲ್ ಸರ್ವಿಸ್ ಹಾಳೆ ಹುಡುಕಿ. ಬಲ್ಬಿನ ನಂಬರ್ ಬಿಡಿಭಾಗಗಳ ಪಟ್ಟಿಯಲ್ಲೇ ಇರುತ್ತದೆ.

ಹೊಸ ಬಲ್ಬ್ ಹಾಕುವ ಮುಂಚೆ ಮಲ್ಟಿಮೀಟರನ್ನು ಎಸಿಗೆ ಇಟ್ಟು, ನೀವು ದಿನಾ ಓಡಿಸುವ ವೇಗದಲ್ಲಿ ಹಳಿಯ ಮೇಲೇ ಅಳೆಯಿರಿ. 12 ವೋಲ್ಟ್ ದಾಟದವರಿಗೆ 53 ನಂಬರ್ (14.4 ವೋಲ್ಟ್, 0.12 ಆಂಪಿಯರ್) ಚೆನ್ನಾಗಿ ಒಗ್ಗುತ್ತದೆ, ಅವರ ಬಳಿ 1445 ಮಂಕಾಗಿ ಕಾಣುತ್ತದೆ.

ಸರಿಯಾದ ಬಲ್ಬೂ ಪದೇ ಪದೇ ಹೋಗುತ್ತಿದ್ದರೆ ಹೋಲ್ಡರನ್ನು ನೋಡಿ. ತಣ್ಣಗಿನ ಫಿಲಮೆಂಟ್ ಹೊತ್ತಿಕೊಳ್ಳುವ ಗಳಿಗೆಯಲ್ಲಿ ಮಾಮೂಲಿಗಿಂತ ಸುಮಾರು ಹತ್ತು ಪಟ್ಟು ಕರೆಂಟ್ ಎಳೆಯುತ್ತದೆ. ಸಡಿಲ ಸಂಪರ್ಕ ಆರಿಸಿ ಹೊತ್ತಿಸುವ ಪ್ರತಿ ಸಲವೂ ಅದಕ್ಕೊಂದು ಪೆಟ್ಟು. ಒಳಗಿನ ತಗಡನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ನಡುವಿನ ಸ್ಪ್ರಿಂಗ್ ತಗಡನ್ನು ಕೂದಲೆಳೆಯಷ್ಟು ಮೇಲೆತ್ತಿ. ಸ್ಟೀಲ್ ವುಲ್ ಮುಟ್ಟಲೇಬೇಡಿ. 1950ರಿಂದ ಬಂದ ಮ್ಯಾಗ್ನೆ-ಟ್ರ್ಯಾಕ್ಷನ್ (ಅಯಸ್ಕಾಂತದಿಂದ ಹಳಿ ಹಿಡಿಯುವ) ಎಂಜಿನ್ನುಗಳ ಚಕ್ರಗಳು ಅಯಸ್ಕಾಂತದಂತೆ ಸೆಳೆಯುತ್ತವೆ. ಉದುರಿದ ಎಳೆಗಳನ್ನು ಹಿಡಿದು ಮೋಟರಿನೊಳಗೆ ಸೇರಿಸುತ್ತವೆ. ಆಮೇಲೆ ಬಲ್ಬಿನ ಚಿಂತೆ ಉಳಿಯುವುದಿಲ್ಲ, ಮೋಟರಿನ ಚಿಂತೆ ಶುರು.

ಈ ಲೆಕ್ಕಕ್ಕೆ ಸಿಗದ ಎಂಜಿನ್ನುಗಳೂ ಇವೆ. 1946ರಲ್ಲಿ ಬಂದ 671, 2020, 726 ನಂಬರಿನ ಎಂಜಿನ್ನುಗಳಲ್ಲಿ ಹೊಗೆ ಎಬ್ಬಿಸುವುದೂ ಬಲ್ಬೇ. ಗಾಜಿನ ತಲೆಯ ಮೇಲೆ ಕುಳಿಯಿದ್ದು, ಅದರಲ್ಲಿ ಹೊಗೆ ಗುಳಿಗೆ ಕರಗುತ್ತದೆ. ಅಲ್ಲಿ 1445 ಹಾಕಿ ಹೊಗೆ ಬರುತ್ತಿಲ್ಲ ಎಂದು ಬರೆಯಬೇಡಿ. 1947ರಿಂದ ಆ ಕೆಲಸ ಹೀಟರ್ ಸುರುಳಿಯದಾಯಿತು.

ಪ್ರಶ್ನೆ: ಕಾರಿನ 12 ವೋಲ್ಟ್ 4 ವಾಟ್ ಪಾರ್ಕಿಂಗ್ ಬಲ್ಬ್ ಹಾಕಬಹುದೇ? ಬುಡ ಒಂದೇ ಇದೆ.

ಉತ್ತರ: 18 ವೋಲ್ಟಿಗೆ ಅದು ಏಳೂವರೆ ವಾಟಿನ ಒಲೆ. ಬೇಡ.

ಪ್ರಶ್ನೆ: ಹೊಸ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಿದರೆ ಬೇಗ ಹೋಗುತ್ತದಂತೆ?

ಉತ್ತರ: ಅದು ಹ್ಯಾಲೊಜೆನ್ ಬಲ್ಬಿನ ಮಾತು. ಇದನ್ನು ಧಾರಾಳವಾಗಿ ಮುಟ್ಟಿ.

ಪ್ರಶ್ನೆ: ತುಂಡಾದ ಫಿಲಮೆಂಟನ್ನು ತಟ್ಟಿ ತಟ್ಟಿ ಮತ್ತೆ ಕೂಡಿಸುವ ಉಪಾಯ ಒಬ್ಬರು ಹೇಳಿಕೊಟ್ಟರು.

ಉತ್ತರ: ಕೂಡಿದ ಎಳೆ ಗಿಡ್ಡವಾಗಿ ಇನ್ನಷ್ಟು ಕರೆಂಟ್ ಎಳೆದು, ಇನ್ನಷ್ಟು ಕಾದು ಸಾಯುತ್ತದೆ. ಹೇಳಿಕೊಟ್ಟವರಿಂದ ಬೇರೇನೂ ಕಲಿಯಬೇಡಿ.

ಪ್ರಶ್ನೆ: ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಸಿ ಎಂಜಿನ್ ದಿಕ್ಕು ಬದಲಿಸುವಾಗ ಬಲ್ಬ್ ಝಗ್ಗನೆ ಹೊಳೆಯುತ್ತದೆ. ದೋಷವೇ?

ಉತ್ತರ: ಅಲ್ಲ, ಅದು ದಿಕ್ಕು ಬದಲಿಸುವ 24 ವೋಲ್ಟಿನ ಏಟು. ಗುಂಡಿಯನ್ನು ಒತ್ತಿ ಹಿಡಿಯಬೇಡಿ, 12 ವೋಲ್ಟಿನ ಬಲ್ಬ್ ಹಾಕಬೇಡಿ.

ಪ್ರಶ್ನೆ: ಲಯನೆಲ್ ಎಂಜಿನ್ನಿಗೆ ಎಲ್‌ಇಡಿ ಹಾಕಿದೆ, ಕ್ಷಣದಲ್ಲಿ ಸುಟ್ಟಿತು. ಯಾಕೆ?

ಉತ್ತರ: ಹಳಿಯ ಮೇಲಿರುವುದು ಎಸಿ. 18 ವೋಲ್ಟಿನ ಶಿಖರ 25 ವೋಲ್ಟ್. ಸಾಮಾನ್ಯ ಎಲ್‌ಇಡಿ ಉಲ್ಟಾ ದಿಕ್ಕಿನಲ್ಲಿ ತಾಳುವುದು 5 ವೋಲ್ಟಿನಷ್ಟು. ಸರಣಿಯಲ್ಲಿ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮತ್ತು 1 ಕಿಲೊ-ಓಮ್, ಅರ್ಧ ವಾಟಿನ ರೆಸಿಸ್ಟರ್ ಹಾಕಿ. ಮಿನುಗು ಕಣ್ಣಿಗೆ ಹೊಡೆದರೆ ಡಯೋಡಿನ ಬದಲು ಪುಟ್ಟ ಬ್ರಿಜ್ ರೆಕ್ಟಿಫೈಯರ್ (ನಾಲ್ಕು ಡಯೋಡುಗಳ ಜೋಡಣೆ) ಹಾಕಿ. ಹಳೆಯ ಹೋಲ್ಡರನ್ನೂ ಅದರ ತಂತಿಯನ್ನೂ ಮಾತ್ರ ಕತ್ತರಿಸಬೇಡಿ.