ಬಲಕ್ಕೇ ಓಡೋ ಬಾಲು

ಪ್ರಶ್ನೆ: ಸಾರ್, ಗಾಲ್ಫಲ್ಲಿ ನಂದು ಬಲಗೈ ಆಟ, ಹೊಡೆದ ಬಾಲ್ ಯಾವಾಗ್ಲೂ ಬಲಕ್ಕೇ ತಿರುಗತ್ತೆ. ಸಿಂಗಲ್ ಪ್ಲೇನ್ ಸ್ವಿಂಗ್ ಕಲಿ ಅಂತಾರೆ ಫ್ರೆಂಡ್ಸು, ಏನದು?

ಉತ್ತರ: ಕೆನಡಾದಲ್ಲಿ ಮೋ ನಾರ್ಮನ್ ಅಂತ ಒಬ್ರಿದ್ರು, 1955, 56 ಎರಡೂ ವರ್ಷ ಕೆನಡಿಯನ್ ಅಮೆಚೂರ್ ಅನ್ನೋ ಹವ್ಯಾಸಿಗಳ ಗಾಲ್ಫ್ ಪಂದ್ಯಾವಳಿ ಗೆದ್ದೋರು, ಅವರು ದಿನಾ ನೂರಾರು ಬಾಲ್ ಹೊಡೆದು ಹೊಡೆದೇ ಕಂಡ್ಕೊಂಡಿದ್ದು ಇದು. ಕಾಲು ಅಗಲ, ಕೈ ಮುಂದಕ್ಕೆ ಚಾಚಿ, ತೋಳೂ ಕ್ಲಬ್ಬಿನ (ಬಾಲ್ ಹೊಡಿಯೋ ದಾಂಡಿನ) ಕೋಲೂ ಒಂದೇ ಗೆರೆ. ನಾವೆಲ್ಲ ಕೈ ಜೋತುಬಿಟ್ಟು ನಿಲ್ತೀವಿ, ಬಾಲ್‌ಗೆ ತಾಗೋ ಹೊತ್ತಿಗೆ ಕೈ ಮೇಲೆದ್ದಿರತ್ತೆ, ಇದ್ರಲ್ಲಿ ಆ ಏರುಪೇರು ಕಮ್ಮಿ. ನೋಡೋಕೆ ಸೌದೆ ಒಡಿಯೋಕೆ ನಿಂತಂಗಿರತ್ತೆ, ನಗ್ತಾರೆ, ನಗ್ಲಿ ಬಿಡಿ. ಆದ್ರೆ ನಿಮ್ಮ ಕ್ಲಬ್ ಮುಖ ತೆರ್ಕೊಂಡು, ಅಂದ್ರೆ ಬಲಕ್ಕೆ ತಿರುಗಿ ಬರ್ತಿರ್ಬೇಕು, ಅದಕ್ಕೇ ಬಾಲ್ ಬಲಕ್ಕೆ ಹೋಗೋದು, ಮೊದ್ಲು ಹಿಡಿತ ನೋಡ್ಕೊಳ್ಳಿ, ಬಗ್ಗಿ ನೋಡಿದ್ರೆ ಎಡಗೈಯಲ್ಲಿ ಎರಡು ಗೆಣ್ಣಾದ್ರೂ ಕಾಣ್ಬೇಕು. ಏಳನೇ ಐರನ್ (ಮಧ್ಯಮ ದೂರದ ಹೊಡೆತದ ಕ್ಲಬ್) ಹಿಡ್ದು ಒಂದು ತಿಂಗ್ಳು ಅರ್ಧ ಸ್ವಿಂಗೇ ಹೊಡೀರಿ, ದೂರ ಹೊಡಿಯೋ ಉದ್ದನೆ ಕ್ಲಬ್ಬು, ಡ್ರೈವರ್, ಬ್ಯಾಗಲ್ಲೇ ಇರ್ಲಿ.